ಹಿರಿಯ ಕುಸ್ತಿಪಟು ಮರಳಿ ಬಂದಾಗ ಕಿರಿಯರ ಪಾಲಿಗೆ ಉಳಿಯುವುದೇನು?

ಪ್ರಶ್ನೆ: ಶಾಲೆಯ ದಿನಗಳಲ್ಲಿ ಟ್ರಂಪ್ ಕಾರ್ಡ್ ಆಡುತ್ತಾ ಡಬ್ಲ್ಯೂಡಬ್ಲ್ಯೂಎಫ್ (ಇಂದಿನ ಡಬ್ಲ್ಯೂಡಬ್ಲ್ಯೂಇ) ಕುಸ್ತಿ ಪ್ರದರ್ಶನದ ಹುಚ್ಚು ಹಿಡಿಸಿಕೊಂಡವನು ನಾನು. ಈಗ ಹದಿಮೂರು ವರ್ಷದ ಮಗನ ಜೊತೆ ಕೂತು ನೋಡುತ್ತೇನೆ. ಹಳೆಯ ತಾರೆಗಳ ಎಂಟ್ರಿ ಮ್ಯೂಸಿಕ್ ಕೇಳಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಪಂದ್ಯ ಮುಗಿಯುವ ಹೊತ್ತಿಗೆ ಮಾತ್ರ ಏನೋ ಬೇಸರ. 2020ರಲ್ಲಿ ಗೋಲ್ಡ್‌ಬರ್ಗ್ ಬಂದು ‘ದ ಫೀಂಡ್’ ಬ್ರೇ ವಯಟ್ ಅವರನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿ ಚಾಂಪಿಯನ್ ಬೆಲ್ಟ್ ಒಯ್ದದ್ದು ನನಗೆ ಇನ್ನೂ ಅರಗಿಲ್ಲ. 2025ರ ಡಿಸೆಂಬರ್‌ನಲ್ಲಿ ಜಾನ್ ಸೀನಾ ತಮ್ಮ ಕೊನೆಯ ಪಂದ್ಯದಲ್ಲಿ ಗುಂಥರ್ ಎದುರು ಟ್ಯಾಪ್ ಔಟ್ ಮಾಡಿದಾಗ, ಅಂದರೆ ಕೈ ತಟ್ಟಿ ಸೋಲೊಪ್ಪಿಕೊಂಡಾಗ, ಮಗ ಎದ್ದು ಒಳಗೆ ಹೋಗಿಬಿಟ್ಟ. ಹಿರಿಯರು ಗೆದ್ದರೂ ಸಂಕಟ, ಸೋತರೂ ಸಂಕಟ ಎಂಬಂತಾಗಿದೆ. ಇವರನ್ನು ಕರೆತರುವುದು ಬರೀ ದುಡ್ಡಿಗಾಗಿಯೇ? ಎಲ್ಲವೂ ಮೊದಲೇ ನಿಗದಿಯಾದ ಆಟ ಎಂದ ಮೇಲೆ ಐವತ್ತು ದಾಟಿದವರಿಗೆ ನಿಜವಾಗಿಯೂ ಅಪಾಯವಿದೆಯೇ? ಸೀನಾ ಇನ್ನೊಮ್ಮೆ ಬರಲಿ ಎಂದು ನಾವು ಆಸೆಪಡುವುದು ಸರಿಯೇ? — ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ನೋವುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಿರಿಯರ ಸಲುವಾಗಿ ಕಿರಿಯರನ್ನು ಬಲಿ ಕೊಡುತ್ತಾರೆ ಎಂಬುದು ಒಂದು. ನಾವು ಮೆಚ್ಚಿ ಬೆಳೆದವರು ಕಣ್ಣೆದುರೇ ಕುಗ್ಗುವುದನ್ನು ನೋಡಬೇಕಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಕಥೆ ಹೆಣೆಯುವವರ ತೀರ್ಮಾನಕ್ಕೆ ಸೇರಿದ್ದು, ಎರಡನೆಯದು ಬಹುಮಟ್ಟಿಗೆ ದೇಹಕ್ಕೆ ಸೇರಿದ್ದು. ನಾನು ವೃತ್ತಿಯಿಂದ ಕ್ರೀಡಾ ಫಿಸಿಯೋಥೆರಪಿಸ್ಟ್. ಕಬಡ್ಡಿ ಆಡುವವರ ಮತ್ತು ನಾಡಕುಸ್ತಿ ಹಿಡಿಯುವವರ ಮಂಡಿ, ಭುಜ, ಕುತ್ತಿಗೆಗಳೊಡನೆಯೇ ನನ್ನ ದಿನ ಕಳೆಯುತ್ತದೆ. ಪ್ರೊ ರೆಸ್ಲಿಂಗ್ ಅನ್ನು ತೊಂಬತ್ತರ ದಶಕದಿಂದಲೂ ಬಿಡದೆ ನೋಡಿಕೊಂಡು ಬಂದಿದ್ದೇನೆ. ಈ ಎರಡೂ ಕಡೆಯಿಂದ ನೋಡಿದಾಗ ನನಗೆ ಕಾಣುವುದು ಇಷ್ಟು: ಹಿರಿಯರು ಮರಳುವುದರಲ್ಲಿ ತಪ್ಪಿಲ್ಲ, ಅವರೆದುರು ಕಿರಿಯರು ಸೋಲುವುದರಲ್ಲಿಯೂ ಅಂಥ ತಪ್ಪಿಲ್ಲ. ಮರಳಿ ಬಂದವರಿಗೆ ಕಂಪನಿಯು ಯಾವ ಕೆಲಸ ಒಪ್ಪಿಸುತ್ತದೆ ಎಂಬಲ್ಲಿಯೇ ಎಲ್ಲವೂ ನಿರ್ಧಾರವಾಗುತ್ತದೆ.

ಇದಕ್ಕೆ ಕೆವಿನ್ ಓವೆನ್ಸ್ ಅವರ ಎರಡು ಸೋಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2017ರ ಮಾರ್ಚ್ 5ರಂದು, ಫಾಸ್ಟ್‌ಲೇನ್ ಎಂಬ ಪ್ರದರ್ಶನದಲ್ಲಿ, ಯೂನಿವರ್ಸಲ್ ಚಾಂಪಿಯನ್ ಆಗಿದ್ದ ಓವೆನ್ಸ್ ಅವರನ್ನು ಗೋಲ್ಡ್‌ಬರ್ಗ್ 22 ಸೆಕೆಂಡುಗಳಲ್ಲಿ ಸೋಲಿಸಿದರು. ಗಂಟೆ ಬಾರಿಸಿತು, ಓವೆನ್ಸ್ ಗಮನ ಬೇರೆಡೆ ಹೋಯಿತು, ಒಂದು ಸ್ಪಿಯರ್ (ಓಡಿಬಂದು ಭುಜದಿಂದ ಗುದ್ದುವುದು), ಒಂದು ಜ್ಯಾಕ್‌ಹ್ಯಾಮರ್ (ಎತ್ತಿ ಕೆಡವುವುದು), ಅಷ್ಟೇ. ತಿಂಗಳುಗಟ್ಟಲೆ ಚಾಂಪಿಯನ್ ಎಂದು ಕಟ್ಟಿ ನಿಲ್ಲಿಸಿದ ಮನುಷ್ಯನು ಒಂದು ನಿಮಿಷವೂ ನಿಲ್ಲಲಾರದವನು ಎಂದು ಕಂಪನಿಯೇ ನಮಗೆ ಹೇಳಿದಂತಾಯಿತು. ಐದು ವರ್ಷಗಳ ನಂತರ, 2022ರ ಏಪ್ರಿಲ್ 2ರಂದು, ಟೆಕ್ಸಸ್‌ನಲ್ಲಿ ನಡೆದ, ಕಂಪನಿಯ ಅತಿ ದೊಡ್ಡ ವಾರ್ಷಿಕ ಪ್ರದರ್ಶನವಾದ ರೆಸಲ್‌ಮೇನಿಯಾ 38ರ ಮೊದಲ ರಾತ್ರಿಯಲ್ಲಿ ಇದೇ ಓವೆನ್ಸ್ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಎದುರು ಸೋತರು. ಆಗ ಆಸ್ಟಿನ್‌ಗೆ 57 ವರ್ಷ, 2003ರ ರೆಸಲ್‌ಮೇನಿಯಾದ ನಂತರ ಅವರು ಪಂದ್ಯ ಆಡಿರಲಿಲ್ಲ. ಹಾಗಿದ್ದೂ ಆ ಸೋಲಿನಿಂದ ಓವೆನ್ಸ್ ಎತ್ತರಕ್ಕೆ ಬೆಳೆದರು.

ಹೇಗೆಂದರೆ, ವಾರಗಟ್ಟಲೆ ಟೆಕ್ಸಸ್ ರಾಜ್ಯವನ್ನೇ ಹೀಯಾಳಿಸುತ್ತಾ ಆ ಜಗಳವನ್ನು ಬೆಳೆಸಿದವರು ಓವೆನ್ಸ್. ಮೊದಲು ಅದೊಂದು ಮಾತುಕತೆಯ ಕಾರ್ಯಕ್ರಮ ಎಂದೇ ಪ್ರಕಟವಾಗಿತ್ತು. ವೇದಿಕೆಯ ಮೇಲೆಯೇ ಅವರು ಆಸ್ಟಿನ್ ಅವರನ್ನು ನಿಯಮಗಳಿಲ್ಲದ ಪಂದ್ಯಕ್ಕೆ ಆಹ್ವಾನಿಸಿದರು. ನಿಯಮಗಳಿಲ್ಲದ ಪಂದ್ಯವಾದ್ದರಿಂದ ಕಾದಾಟ ರಿಂಗಿನ ಆಚೆಗೆ, ಪ್ರೇಕ್ಷಕರ ನಡುವಿಗೆ, ಪ್ರವೇಶದ ಹಾದಿಗೆಲ್ಲ ಹರಡಿತು. ನಡೆದುಹೋಗುವ ಆ ಕ್ಷಣಗಳಲ್ಲಿ ಆಸ್ಟಿನ್ ಉಸಿರು ತೆಗೆದುಕೊಂಡರು. ಗತಿ ಕಾಯ್ದವರು, ಹೆಚ್ಚಿನ ಪೆಟ್ಟುಗಳನ್ನು ಮೈಮೇಲೆ ಹಾಕಿಕೊಂಡವರು ಓವೆನ್ಸ್. ಕೊನೆಯಲ್ಲಿ ಅವರು ಬೀಸಿದ ಕುರ್ಚಿ ಹಗ್ಗಕ್ಕೆ ಬಡಿದು ಚಿಮ್ಮಿ ಅವರ ಮುಖಕ್ಕೇ ತಾಗಿತು; ಮರುಕ್ಷಣವೇ ಆಸ್ಟಿನ್ ಅವರ ಹೆಸರಾಂತ ಪಟ್ಟು ಸ್ಟನ್ನರ್. ಸುಮಾರು 14 ನಿಮಿಷಗಳ ಆ ಪಂದ್ಯದಲ್ಲಿ ಅವರಿಗೆ ರೆಸಲ್‌ಮೇನಿಯಾದ ಆ ರಾತ್ರಿಯ ಕೊನೆಯ ಪಂದ್ಯ ಎಂಬ ಗೌರವ ದೊರೆಯಿತು, ಆಸ್ಟಿನ್ ಜೊತೆ ಸರಿಸಮನಾಗಿ ನಿಂತ ನೆನಪು ಉಳಿಯಿತು, ಕಳೆದುಕೊಳ್ಳಲು ಬೆಲ್ಟ್ ಇರಲಿಲ್ಲ. ಅದೇ ಮನುಷ್ಯ, ಅದೇ ಸೋಲು, ಆದರೆ ಫಲ ತದ್ವಿರುದ್ಧ. ಆದ್ದರಿಂದ ‘ಹಿರಿಯರು ಗೆದ್ದರೆ ಕಿರಿಯರು ಹಾಳಾಗುತ್ತಾರೆ’ ಎಂಬ ನಮ್ಮೆಲ್ಲರ ಸಾಮಾನ್ಯ ನಂಬಿಕೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ.

ನೀವು ಹೇಳಿದ ಫೀಂಡ್ ಪ್ರಸಂಗದಲ್ಲಿ ಆದ ಹಾನಿ ಮೊದಲನೆಯ ಬಗೆಯದು, ಅದಕ್ಕಿಂತಲೂ ಆಳವಾದದ್ದು. ಬ್ರೇ ವಯಟ್ ಆ ಪಾತ್ರವನ್ನು 2019ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಮೊದಲ ಬಾರಿ ರಿಂಗಿಗೆ ತಂದರು. ಏನು ಮಾಡಿದರೂ ಎದ್ದು ಕೂರುವ, ನೋವೇ ತಾಗದ ಜೀವಿ ಎಂಬುದೇ ಅದರ ತಿರುಳು. ಸೆಥ್ ರಾಲಿನ್ಸ್ ಒಂದಾದ ಮೇಲೊಂದು ಕರ್ಬ್ ಸ್ಟಾಂಪ್ (ತಲೆಯನ್ನು ನೆಲಕ್ಕೆ ತುಳಿಯುವ ಪಟ್ಟು) ಹಾಕಿದರೂ ಮುಗಿಯದವನನ್ನು, 2020ರ ಫೆಬ್ರವರಿ 27ರಂದು ರಿಯಾದ್‌ನಲ್ಲಿ, 53 ವರ್ಷದ ಗೋಲ್ಡ್‌ಬರ್ಗ್ ಮೂರು ನಿಮಿಷಗಳ ಆಸುಪಾಸಿನಲ್ಲಿ ಸ್ಪಿಯರ್‌ಗಳಿಂದ ಮತ್ತು ಒಂದು ಜ್ಯಾಕ್‌ಹ್ಯಾಮರ್‌ನಿಂದ ಮುಗಿಸಿದರು. ಆ ಬೆಲ್ಟ್ ಹೊತ್ತು ಅವರು ರೆಸಲ್‌ಮೇನಿಯಾ 36ರಲ್ಲಿ ರೋಮನ್ ರೇನ್ಸ್ ಅವರನ್ನು ಎದುರಿಸುವುದೆಂದು ಪ್ರಕಟವಾಗಿತ್ತು. ಅಷ್ಟರಲ್ಲಿ ಕೋವಿಡ್ ಬಂತು. ರಕ್ತದ ಕ್ಯಾನ್ಸರ್ ಎದುರಿಸಿ ಬಂದಿದ್ದ ರೇನ್ಸ್ ಹಿಂದೆ ಸರಿದರು. ಪ್ರೇಕ್ಷಕರೇ ಇಲ್ಲದ ಸಭಾಂಗಣದಲ್ಲಿ ಬ್ರಾನ್ ಸ್ಟ್ರೋಮನ್ ಆ ಬೆಲ್ಟ್ ಗೆದ್ದರು. ಪಾತ್ರವೊಂದರ ಬೆಲೆ ತೆತ್ತು ಕಂಪನಿ ಪಡೆದದ್ದು ಏನೂ ಇಲ್ಲ. ವಯಟ್ 2023ರ ಆಗಸ್ಟ್‌ನಲ್ಲಿ, ಬರೀ 36ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಲ್ಪನೆಯ ಆಳವನ್ನು ನೆನೆದಾಗಲೆಲ್ಲ ಆ ಮೂರು ನಿಮಿಷಗಳು ನನ್ನನ್ನೂ ನಿಮ್ಮಷ್ಟೇ ಕಾಡುತ್ತವೆ.

ಇಲ್ಲಿ ಗೋಲ್ಡ್‌ಬರ್ಗ್ ಅವರನ್ನೇ ದೂರುವುದು ನ್ಯಾಯವಲ್ಲ. ಪಂದ್ಯದ ಫಲಿತಾಂಶ ಬರೆಯುವವರು ಅವರಲ್ಲ. ಅದೂ ಅಲ್ಲದೆ ಅವರು ದೊಡ್ಡವರಾದದ್ದೇ ಹಿರಿಯರೊಬ್ಬರ ಸೋಲಿನಿಂದ: 1998ರ ಜುಲೈ 6ರಂದು, ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ 40 ಸಾವಿರಕ್ಕೂ ಹೆಚ್ಚು ಜನರ ಮುಂದೆ, ಹಲ್ಕ್ ಹೋಗನ್ ಅವರನ್ನು ಸೋಲಿಸಿ ಗೋಲ್ಡ್‌ಬರ್ಗ್ ಡಬ್ಲ್ಯೂಸಿಡಬ್ಲ್ಯೂ ಎಂಬ ಕಂಪನಿಯ ಚಾಂಪಿಯನ್ ಆದರು. ಇಪ್ಪತ್ತೇಳು ವರ್ಷಗಳ ನಂತರ, 2025ರ ಜುಲೈ 12ರಂದು ಅದೇ ಅಟ್ಲಾಂಟಾದಲ್ಲಿ, ತಮ್ಮ ಕೊನೆಯ ಪಂದ್ಯದಲ್ಲಿ ಗುಂಥರ್ ಎದುರು ಸೋತು ಹೊರಟರು. ಪಡೆದದ್ದನ್ನು ಹಿಂದಿರುಗಿಸಲು ಅವರಿಗೂ ಅವಕಾಶ ಸಿಕ್ಕಿತು ಎಂಬುದು ನನಗೆ ಸಮಾಧಾನ ತಂದ ಸಂಗತಿ.

ಇನ್ನು ದುಡ್ಡಿನ ಪ್ರಶ್ನೆ. ಹೌದು, ದುಡ್ಡು ದೊಡ್ಡ ಕಾರಣ. ಆದರೆ ‘ಬರೀ ದುಡ್ಡು’ ಎಂದರೆ ವಿಷಯ ಅರ್ಧಕ್ಕೇ ನಿಲ್ಲುತ್ತದೆ. 2001ರ ಮಾರ್ಚ್‌ನಲ್ಲಿ ವಿನ್ಸ್ ಮೆಕ್‌ಮಾಹನ್ ಅವರ ಕಂಪನಿ (ಆಗಿನ ಡಬ್ಲ್ಯೂಡಬ್ಲ್ಯೂಎಫ್) ತನ್ನ ಎದುರಾಳಿ ಡಬ್ಲ್ಯೂಸಿಡಬ್ಲ್ಯೂವನ್ನು ಕೊಂಡುಕೊಂಡ ಮೇಲೆ, ಮನೆಮನೆಗೆ ಗೊತ್ತಿರುವ ಹೆಸರುಗಳು ಹುಟ್ಟುವ ಬೇರೊಂದು ದೊಡ್ಡ ಜಾಗವೇ ಬಹುಕಾಲ ಉಳಿಯಲಿಲ್ಲ. ವಾರವಾರವೂ ಕುಸ್ತಿ ನೋಡದವನು ಸಹ ರೆಸಲ್‌ಮೇನಿಯಾದ ಸಮಯಕ್ಕೆ ಟಿ.ವಿ. ಹಚ್ಚಬೇಕಾದರೆ ಅವನಿಗೆ ಗೊತ್ತಿರುವ ಮುಖ ಬೇಕು. ಆ ಮುಖ 1998ರದ್ದೇ ಆಗಿರುತ್ತದೆ. 2018ರಲ್ಲಿ ಸೌದಿ ಅರೇಬಿಯಾದೊಂದಿಗೆ ಹತ್ತು ವರ್ಷಗಳ ಒಪ್ಪಂದವಾದ ಮೇಲಂತೂ ಅಲ್ಲಿನ ಪ್ರದರ್ಶನಗಳಿಗೆ ಹಳೆಯ ಹೆಸರುಗಳ ಬೇಡಿಕೆ ಎದ್ದು ಕಾಣುವಷ್ಟು ಹೆಚ್ಚಿತು. ಹೊಸಬನನ್ನು ಮೇಲೆತ್ತಲು ವರ್ಷಗಳು ಬೇಕು, ಹಳಬನನ್ನು ಕರೆತರಲು ಒಂದು ಫೋನ್ ಸಾಕು. ಆದರೆ ಹಳಬನ ಗೆಲುವನ್ನೇ ಪ್ರತಿವರ್ಷ ಮಾರುತ್ತಾ ಹೋಗುವುದು ಬಿತ್ತನೆಗೆಂದು ಇಟ್ಟ ಭತ್ತವನ್ನು ಬೇಯಿಸಿ ಉಂಡಂತೆ. ಡಬ್ಲ್ಯೂಸಿಡಬ್ಲ್ಯೂ ಮುಳುಗಿದ್ದಕ್ಕೆ ಹಲವು ಕಾರಣಗಳಿದ್ದರೂ, ಮೇಲಿನ ಸ್ಥಾನಗಳನ್ನು ಹಿರಿಯರು ಬಿಟ್ಟುಕೊಡದೆ ಕ್ರಿಸ್ ಜೆರಿಕೊ, ಎಡ್ಡಿ ಗೆರೆರೊ ಅಂಥವರು ಎದುರಾಳಿ ಕಂಪನಿಗೆ ಹೋದದ್ದು ಅವುಗಳಲ್ಲೊಂದು.

ಕುಸ್ತಿಪಟುವಿನ ಕಡೆಯಿಂದಲೂ ನೋಡಬೇಕು. ಡಬ್ಲ್ಯೂಡಬ್ಲ್ಯೂಇ ತನ್ನ ಕುಸ್ತಿಪಟುಗಳನ್ನು ನೌಕರರೆಂದು ಪರಿಗಣಿಸುವುದಿಲ್ಲ, ಸ್ವತಂತ್ರ ಗುತ್ತಿಗೆದಾರರೆಂದು ಪರಿಗಣಿಸುತ್ತದೆ. ಅವರಿಗೆ ಕಾರ್ಮಿಕ ಸಂಘವಿಲ್ಲ. ಇಪ್ಪತ್ತು ವರ್ಷ ಬಿದ್ದೆದ್ದ ಮೈಗೆ ಮುಂದಿನ ಜೀವನದ ಭದ್ರತೆಯನ್ನು ತಾನೇ ಕಟ್ಟಿಕೊಳ್ಳಬೇಕು. ಅದರಾಚೆಗೂ ಒಂದು ಸೆಳೆತವಿದೆ. ನನ್ನ ಬಳಿಗೆ ಬರುವ ನಿವೃತ್ತ ಕಬಡ್ಡಿ ಆಟಗಾರರಲ್ಲಿ ಬಹುಪಾಲು ಜನ ಮೊದಲು ಕೇಳುವುದು ‘ನೋವು ಯಾವಾಗ ಹೋಗುತ್ತದೆ’ ಎಂದಲ್ಲ, ‘ಯಾವಾಗ ಅಂಕಣಕ್ಕಿಳಿಯಬಹುದು’ ಎಂದು. ಊರ ಪಂದ್ಯದ ಕೂಗಾಟವೇ ಅಷ್ಟು ಎಳೆಯುವುದಾದರೆ ಎಪ್ಪತ್ತು ಸಾವಿರ ಜನರ ಕೂಗು ಎಷ್ಟು ಎಳೆಯಬಹುದು!

ಮೊದಲೇ ನಿಗದಿಯಾದ ಆಟದಲ್ಲಿ ಅಪಾಯವೇನು ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಇಲ್ಲಿಯೇ. ನಿಗದಿಯಾಗಿರುವುದು ಫಲಿತಾಂಶ, ಭೂಮಿಯ ಸೆಳೆತವಲ್ಲ. ಆ ರಿಂಗಿನ ಕೆಳಗಿರುವುದು ಉಕ್ಕಿನ ತೊಲೆಗಳು, ಅವುಗಳ ಮೇಲೆ ಮರದ ಹಲಗೆಗಳು, ಅದರ ಮೇಲೆ ತೆಳುವಾದ ಫೋಮ್ ಪದರ, ಮೇಲೆ ಕ್ಯಾನ್ವಾಸ್. ಬೆನ್ನ ಮೇಲೆ ಬೀಳುವುದಕ್ಕೆ ಅವರು ಬಂಪ್ ಎನ್ನುತ್ತಾರೆ. ಗದ್ದವನ್ನು ಎದೆಗೆ ಒತ್ತಿ, ಬೆನ್ನಿನ ಮೇಲ್ಭಾಗವನ್ನು ಚಪ್ಪಟೆಯಾಗಿ ತಾಗಿಸಿ, ಉಸಿರು ಬಿಟ್ಟು ಬೀಳುವ ಆ ಕಲೆ ದಿನದಿನದ ಅಭ್ಯಾಸದಿಂದ ಮಾತ್ರ ಉಳಿಯುತ್ತದೆ. ಗದ್ದ ಒತ್ತುವುದು ಒಂದು ಕ್ಷಣ ತಡವಾದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಮರಳಿ ಬರುವ ಹಿರಿಯರು ಜಿಮ್‌ನಲ್ಲಿ ಮೈ ಕಟ್ಟಿಕೊಂಡು ಬರುತ್ತಾರೆ, ನೋಡಲು ಮೊದಲಿಗಿಂತಲೂ ಗಟ್ಟಿಯಾಗಿ ಕಾಣುತ್ತಾರೆ. ಆದರೆ ಸ್ನಾಯು ಬೆಳೆದ ವೇಗದಲ್ಲಿ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಬಲಗೊಳ್ಳುವುದಿಲ್ಲ, ಬಾರ್‌ಬೆಲ್ ಎತ್ತಿದ್ದರಿಂದ ಬೀಳುವ ಅಭ್ಯಾಸ ಮರಳುವುದಿಲ್ಲ. ವಯಸ್ಸಾದಂತೆ ಬರೀ ಬಲಕ್ಕಿಂತ ಮೊದಲು ಕುಂದುವುದು ಥಟ್ಟನೆ ಬಲ ಹಾಕುವ ಶಕ್ತಿ, ಕುಸ್ತಿಯಲ್ಲಿ ಬೇಕಾಗುವುದು ಅದೇ.

2019ರ ಜೂನ್ 7ರಂದು ಜೆಡ್ಡಾದಲ್ಲಿ ನಡೆದ ಗೋಲ್ಡ್‌ಬರ್ಗ್–ಅಂಡರ್‌ಟೇಕರ್ ಪಂದ್ಯವನ್ನು ನಾನು ವೃತ್ತಿಯ ಕಣ್ಣಿನಿಂದಲೂ ಹಲವು ಬಾರಿ ನೋಡಿದ್ದೇನೆ. ಒಬ್ಬರಿಗೆ 52, ಇನ್ನೊಬ್ಬರಿಗೆ 54. ಮೂಲೆಯತ್ತ ನುಗ್ಗಿದ ಗೋಲ್ಡ್‌ಬರ್ಗ್ ಅವರ ತಲೆ ಕಂಬಕ್ಕೆ ಬಡಿದು ಹಣೆ ಒಡೆಯಿತು. ಅಲ್ಲಿಂದ ಮುಂದೆ ಅವರ ಹೆಜ್ಜೆಗಳು ಬದಲಾದವು. ಪಂದ್ಯ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಜ್ಯಾಕ್‌ಹ್ಯಾಮರ್‌ನಲ್ಲಿ ಎದುರಾಳಿಯನ್ನು ತಲೆಕೆಳಗಾಗಿ ನೇರಕ್ಕೆ ಎತ್ತಬೇಕು. ಎತ್ತಿಸಿಕೊಳ್ಳುವವನು ಸರಿಯಾದ ಕ್ಷಣದಲ್ಲಿ ನೆಲ ಒದ್ದು ಅರ್ಧ ಭಾರ ತಾನೇ ಹಗುರ ಮಾಡಿಕೊಡುತ್ತಾನೆ, ಎತ್ತುವವನು ಸೊಂಟದಿಂದ ಬಲ ಹಾಕುತ್ತಾನೆ. ಆ ಇಬ್ಬರ ಲಯ ತಪ್ಪಿತು. ಆರೂವರೆ ಅಡಿಗೂ ಎತ್ತರದ ಅಂಡರ್‌ಟೇಕರ್ ಅರ್ಧಕ್ಕೆ ಏರಿ, ತಲೆ ಮತ್ತು ಕುತ್ತಿಗೆ ಮೊದಲು ತಾಗುವಂತೆ ಕೆಳಗೆ ಬಂದರು. ಕೆಲವು ಅಂಗುಲಗಳ ವ್ಯತ್ಯಾಸವಾಗಿದ್ದರೆ ಏನಾಗುತ್ತಿತ್ತು ಎಂದು ಬರೆಯಲು ನನಗೆ ಮನಸ್ಸಾಗುವುದಿಲ್ಲ. ಮಿದುಳಿಗೆ ಒಮ್ಮೆ ಪೆಟ್ಟು ಬಿದ್ದ ಮೇಲೆ ಅದು ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬೀಳುವುದು ಯಾವ ವಯಸ್ಸಿನಲ್ಲೂ ಘೋರ ಅಪಾಯ. ಪೆಟ್ಟು ತಿಂದವನ ಕೈಯಲ್ಲಿ ಇನ್ನೊಬ್ಬನ ಕುತ್ತಿಗೆ ಇರುವುದರಿಂದ ಇಲ್ಲಿ ಅಪಾಯ ಇಬ್ಬರಿಗೂ.

ಇಂಥ ಇನ್ನೊಂದು ಉದಾಹರಣೆ 2018ರ ನವೆಂಬರ್ 2ರ ಕ್ರೌನ್ ಜ್ಯುವೆಲ್ ಪ್ರದರ್ಶನ. ಎಂಟು ವರ್ಷಗಳ ಹಿಂದೆ ಅತ್ಯಂತ ಘನತೆಯಿಂದ ನಿವೃತ್ತರಾಗಿದ್ದ ಶಾನ್ ಮೈಕಲ್ಸ್ 53ನೆಯ ವಯಸ್ಸಿನಲ್ಲಿ ಟ್ರಿಪಲ್ ಎಚ್ ಜೊತೆ ಸೇರಿ ಅಂಡರ್‌ಟೇಕರ್ ಮತ್ತು ಕೇನ್ ಎದುರು ಇಳಿದರು. ಕೇನ್ ಆಗ ಟೆನೆಸಿಯ ನಾಕ್ಸ್ ಕೌಂಟಿಯ ಮೇಯರ್. ಪಂದ್ಯದ ನಡುವೆಯೇ ಟ್ರಿಪಲ್ ಎಚ್ ಎದೆಯ ಸ್ನಾಯು ಹರಿದುಕೊಂಡರು, ಆ ಸ್ಥಿತಿಯಲ್ಲೇ ಪಂದ್ಯವನ್ನು ಹೇಗೋ ಮುಗಿಸಿದರು. 46ನೆಯ ವಯಸ್ಸಿನಲ್ಲಿ ಮರಳಿದ ಎಡ್ಜ್ ಐದು ತಿಂಗಳೊಳಗೆ ತೋಳಿನ ಹಿಂಭಾಗದ ಟ್ರೈಸೆಪ್ಸ್ ಹರಿದುಕೊಂಡರು. 2023ರ ನವೆಂಬರ್‌ನಲ್ಲಿ ಡಬ್ಲ್ಯೂಡಬ್ಲ್ಯೂಇಗೆ ಮರಳಿದ ಸಿ.ಎಂ. ಪಂಕ್‌ಗೂ ಎರಡೇ ತಿಂಗಳಲ್ಲಿ, ರಾಯಲ್ ರಂಬಲ್‌ನಲ್ಲಿ, ಅದೇ ಆಯಿತು. ಇದು ದುರದೃಷ್ಟವಲ್ಲ. ನಲವತ್ತು ದಾಟಿ ಮತ್ತೆ ಅಂಕಣಕ್ಕಿಳಿದವರು ಮೊದಲ ಕೆಲವು ಪಂದ್ಯಗಳಲ್ಲೇ ಮೀನಖಂಡ, ತೊಡೆಯ ಹಿಂಭಾಗ ಅಥವಾ ಹಿಮ್ಮಡಿಯ ಸ್ನಾಯುರಜ್ಜು ಹಿಡಿದುಕೊಂಡು ಬರುವುದನ್ನು ನಾವು ಚಿಕಿತ್ಸಾಲಯದಲ್ಲಿ ಪದೇಪದೇ ನೋಡುತ್ತೇವೆ.

ಕುತ್ತಿಗೆಯದ್ದು ಬೇರೆಯೇ ಮಟ್ಟದ ಸಮಸ್ಯೆ. ಬೆನ್ನುಹುರಿ ಹಾದುಹೋಗುವ ಕೊಳವೆ ವರ್ಷಗಳ ಏಟಿನಿಂದ ಕಿರಿದಾಗುತ್ತಾ ಬರುತ್ತದೆ. ಹಾಗಾದ ಮೇಲೆ ತಲೆ ಸ್ವಲ್ಪ ಹಿಂದಕ್ಕೆ ಎಗರಿದರೂ ಕೈಕಾಲು ಜೋಮು ಹಿಡಿಯಬಹುದು, ಕೆಟ್ಟ ಗಳಿಗೆಯಾದರೆ ಮತ್ತೆ ಏಳದಂತಾಗಬಹುದು. ಎಡ್ಜ್ 2011ರಲ್ಲಿ ನಿವೃತ್ತರಾದದ್ದು ಇದರಿಂದ. 56ನೆಯ ವಯಸ್ಸಿನ ಸ್ಟಿಂಗ್ 2015ರ ಸೆಪ್ಟೆಂಬರ್‌ನಲ್ಲಿ ಸೆಥ್ ರಾಲಿನ್ಸ್ ಎದುರಿನ ಪಂದ್ಯದಲ್ಲಿ ರಿಂಗಿನ ಮೂಲೆಗೆ ಎಸೆಯಲ್ಪಟ್ಟು ಕಾಲು ಕುಸಿದು ಬಿದ್ದದ್ದೂ ಕುತ್ತಿಗೆಯ ಏಟಿನಿಂದಲೇ. ಎಡ್ಜ್ ಒಂಬತ್ತು ವರ್ಷಗಳ ನಂತರ ವೈದ್ಯರ ಒಪ್ಪಿಗೆ ಪಡೆದು ಮರಳಿದ್ದು, ಮಿದುಳಿನ ಪೆಟ್ಟುಗಳಿಂದ 2016ರಲ್ಲಿ ನಿವೃತ್ತರಾದ ಡೇನಿಯಲ್ ಬ್ರಯಾನ್ 2018ರಲ್ಲಿ ಮರಳಿದ್ದು ನಿಜ. ಇದರಿಂದ ‘ಡಾಕ್ಟರ್ ಒಪ್ಪಿದರೆ ಅಪಾಯವಿಲ್ಲ’ ಎಂಬ ಇನ್ನೊಂದು ತಪ್ಪು ನಂಬಿಕೆ ಹುಟ್ಟಿದೆ. ವೈದ್ಯರ ಒಪ್ಪಿಗೆಗೆ ‘ಇಂದಿನ ಸ್ಥಿತಿಯಲ್ಲಿ, ಈ ಮಟ್ಟದ ಅಪಾಯವನ್ನು ತಿಳಿದು ಆಡಬಹುದು’ ಎಂದಷ್ಟೇ ಅರ್ಥ. ಮುಂದಿನ ಏಟಿಗೆ ಅದು ಹೊಣೆಯಲ್ಲ.

ಹಾಗಾದರೆ ಹಿರಿಯರನ್ನು ತರಲು ಯಾವ ದಾರಿಗಳಿವೆ? ಪೂರ್ಣಾವಧಿಗೆ ಮರಳುವುದು ಎಲ್ಲಕ್ಕಿಂತ ಫಲಕಾರಿ, ಆದರೆ ಅದು ಕೆಲವರಿಗೆ ಮಾತ್ರ ಸಾಧ್ಯ. ಬೆನ್ನಿನ ಏಟಿನಿಂದ 1998ರಲ್ಲಿ ದೂರ ಸರಿದ ಶಾನ್ ಮೈಕಲ್ಸ್ 2002ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಮರಳಿದಾಗ ಅವರಿಗೆ 37 ವರ್ಷ. ನಾಲ್ಕು ವರ್ಷಗಳ ವಿಶ್ರಾಂತಿ ಪಡೆದ ದೇಹ, ವಾರವಾರದ ಅಭ್ಯಾಸ. ನಂತರದ ಎಂಟು ವರ್ಷಗಳಲ್ಲಿ ಅವರು ಗೆದ್ದದ್ದಕ್ಕಿಂತ ಎದುರಿಗೆ ನಿಂತವರಿಗೆ ಕೊಟ್ಟದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಒಂದೇ ವಿಶೇಷ ಪಂದ್ಯಕ್ಕೆ ಬರುವುದು ಎರಡನೆಯ ದಾರಿ. ಆಸ್ಟಿನ್ ಅವರದ್ದು ಅದರ ಒಳ್ಳೆಯ ಮಾದರಿ. ಟ್ರಿಶ್ ಸ್ಟ್ರಾಟಸ್ 2019ರಲ್ಲಿ ತಮ್ಮ ಊರಾದ ಟೊರಾಂಟೊದಲ್ಲಿ ಶಾರ್ಲೆಟ್ ಫ್ಲೇರ್‌ಗೆ ಸೋತು ಕೊಟ್ಟದ್ದೂ ಅಂಥದ್ದೇ. ಮುಂಚಿತವಾಗಿ ಚಿತ್ರೀಕರಿಸುವುದು ಮತ್ತೊಂದು ದಾರಿ: 2020ರಲ್ಲಿ ಅಂಡರ್‌ಟೇಕರ್ ಮತ್ತು ಎ.ಜೆ. ಸ್ಟೈಲ್ಸ್ ನಡುವಿನ ಬೋನ್‌ಯಾರ್ಡ್ ಪಂದ್ಯದಲ್ಲಿ ದಣಿವಾದಾಗ ನಿಲ್ಲಿಸಬಹುದಿತ್ತು, ತಪ್ಪಿದ್ದನ್ನು ಮತ್ತೆ ತೆಗೆಯಬಹುದಿತ್ತು. ಅಂಡರ್‌ಟೇಕರ್ ಅವರ ಕೊನೆಯ ಪಂದ್ಯ ಅಷ್ಟು ಚೆನ್ನಾಗಿ ಮುಗಿದದ್ದು ಆ ಕಾರಣಕ್ಕೆ. ಜನರ ಕೂಗು ಅದರಲ್ಲಿ ಇರುವುದಿಲ್ಲ ಎಂಬುದೊಂದು ಕೊರತೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉತ್ತಮವಾಗಿ ಕಂಡದ್ದು ಸ್ಟಿಂಗ್ ಅವರಿಗೆ ಎಇಡಬ್ಲ್ಯೂ ಎಂಬ ಇನ್ನೊಂದು ಕುಸ್ತಿ ಕಂಪನಿ ರೂಪಿಸಿಕೊಟ್ಟ ದಾರಿ. 2020ರ ಡಿಸೆಂಬರ್‌ನಲ್ಲಿ ಬಂದವರು ಮೊದಲು ಚಿತ್ರೀಕರಿಸಿದ ಪಂದ್ಯವೊಂದನ್ನು ಆಡಿ, ದೇಹ ತಡೆದುಕೊಳ್ಳುತ್ತದೆಯೇ ಎಂದು ನೋಡಿಕೊಂಡರು. ಆಮೇಲೆ ಆಡಿದ್ದೆಲ್ಲ ಟ್ಯಾಗ್ (ಜೊತೆಗಾರರೊಡನೆ ಆಡುವ) ಪಂದ್ಯಗಳೇ, ಸದಾ ಜೊತೆಗಿದ್ದವನು ಡಾರ್ಬಿ ಆಲಿನ್ ಎಂಬ ಯುವಕ. ಟ್ಯಾಗ್ ಪಂದ್ಯದಲ್ಲಿ ಹೆಚ್ಚಿನ ಹೊತ್ತು ಕಿರಿಯನೇ ಏಟು ತಿನ್ನುತ್ತಾನೆ. ಹಿರಿಯನು ಹಗ್ಗದಾಚೆ ನಿಂತು ಕೈಚಾಚಿ, ಜನ ಕಾದು ಕಾದು ಕೂಗುವ ಹೊತ್ತಿಗೆ ಒಳಬಂದು ತನ್ನ ಹೆಸರಾಂತ ಪಟ್ಟುಗಳನ್ನಷ್ಟೇ ಹಾಕುತ್ತಾನೆ. ಪ್ರೇಕ್ಷಕನಿಗೆ ಬೇಕಾದದ್ದು ಸಿಕ್ಕಿತು, ಅರವತ್ತು ದಾಟಿದ ದೇಹಕ್ಕೆ ಬೇಡವಾದದ್ದು ತಪ್ಪಿತು, ಸ್ಟಿಂಗ್ ಪಕ್ಕದಲ್ಲಿ ಮೂರು ವರ್ಷ ನಿಂತ ಆಲಿನ್ ದೊಡ್ಡ ಹೆಸರಾದ. ಕೊನೆಯ ಪಂದ್ಯ 2024ರ ಮಾರ್ಚ್ 3ರಂದು ನಡೆದದ್ದು ಗ್ರೀನ್ಸ್‌ಬರೊ ಕ್ರೀಡಾಂಗಣದಲ್ಲಿ. 1988ರಲ್ಲಿ ರಿಕ್ ಫ್ಲೇರ್ ಎದುರು 45 ನಿಮಿಷ ಹೋರಾಡಿ ಸಮಬಲ ಸಾಧಿಸಿ ಸ್ಟಿಂಗ್ ತಾರೆಯಾದದ್ದು ಅದೇ ಜಾಗದಲ್ಲಿ. 64ನೆಯ ವಯಸ್ಸಿನಲ್ಲಿ ಅವರು ಗೆದ್ದೇ ಹೊರಟರು. ಸೋತು ಹೋಗುವುದೇ ಕುಸ್ತಿಯ ಸಂಪ್ರದಾಯ, ಇದು ಅದಕ್ಕೆ ವಿರುದ್ಧ ಎಂದವರಿದ್ದಾರೆ. ಎದುರಿಗಿದ್ದ ಯಂಗ್ ಬಕ್ಸ್ ಸಹೋದರರಿಗೆ ಆ ಸೋಲಿನಿಂದ ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲ. ಕೊಡಬೇಕಾದದ್ದನ್ನು ಸ್ಟಿಂಗ್ ಆಗಲೇ ಆಲಿನ್‌ಗೆ ಕೊಟ್ಟಾಗಿತ್ತು. ಆದ್ದರಿಂದ ಆ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ.

ನಾನು ಖಂಡಿತವಾಗಿ ವಿರೋಧಿಸುವ ದಾರಿಯೂ ಒಂದಿದೆ. 2008ರ ರೆಸಲ್‌ಮೇನಿಯಾದಲ್ಲಿ ಶಾನ್ ಮೈಕಲ್ಸ್ ಎದುರು ರಿಕ್ ಫ್ಲೇರ್ ಸೋತು ವಿದಾಯ ಹೇಳಿದ ರೀತಿ ಇಂದಿಗೂ ಅತ್ಯುತ್ತಮ ವಿದಾಯಗಳಲ್ಲೊಂದು. ಆದರೆ ಅವರು ಬೇರೆ ಕಂಪನಿಯಲ್ಲಿ ಮತ್ತೆ ಆಡಿದರು, ಕೊನೆಗೆ 2022ರ ಜುಲೈ 31ರಂದು ನ್ಯಾಶ್‌ವಿಲ್‌ನಲ್ಲಿ, 73ನೆಯ ವಯಸ್ಸಿನಲ್ಲಿ, ಎದೆಯೊಳಗೆ ಪೇಸ್‌ಮೇಕರ್ ಇಟ್ಟುಕೊಂಡು ರಕ್ತ ಸುರಿಸಿಕೊಂಡು ಆಡಿದರು. ಅವರ ಮೇಲಿನ ಗೌರವಕ್ಕಾಗಿಯೇ ಹೇಳುತ್ತೇನೆ, ಯಾವ ಸಂಘಟಕರೂ ಅಂಥ ಪಂದ್ಯಕ್ಕೆ ಒಪ್ಪಬಾರದು. ಇದಕ್ಕೆ ಎದುರಾಗಿ ಟ್ರಿಪಲ್ ಎಚ್ ಅವರನ್ನು ನೆನೆಯಬೇಕು: 2021ರಲ್ಲಿ ಹೃದಯದ ತೊಂದರೆಯಾದ ಮೇಲೆ ಒಂದೇ ಒಂದು ಪಂದ್ಯವನ್ನೂ ಆಡದೆ, ರೆಸಲ್‌ಮೇನಿಯಾ 38ರಲ್ಲಿ ತಮ್ಮ ಬೂಟುಗಳನ್ನು ರಿಂಗಿನಲ್ಲಿಟ್ಟು ನಡೆದುಬಿಟ್ಟರು.

ಇದರಲ್ಲಿ ನಮ್ಮ ಪಾಲೂ ಇದೆ, ಅದಕ್ಕೆ ಬೆಲೆಯೂ ಇದೆ. ಗೆದ್ದವನಿಗೆ ರೆಸಲ್‌ಮೇನಿಯಾದ ಮುಖ್ಯ ಪಂದ್ಯಕ್ಕೆ ದಾರಿಯಾಗುವ ರಾಯಲ್ ರಂಬಲ್ ಪಂದ್ಯವನ್ನು 2014ರಲ್ಲಿ ಆಗಷ್ಟೇ ಮರಳಿದ್ದ ಬಟಿಸ್ಟಾ ಗೆದ್ದಾಗ ಪಿಟ್ಸ್‌ಬರ್ಗ್‌ನ ಜನ ಮುಲಾಜಿಲ್ಲದೆ ಕೂಗಿ ಧಿಕ್ಕರಿಸಿದರು. ಅವರಿಗೆ ಬೇಕಿದ್ದದ್ದು ಡೇನಿಯಲ್ ಬ್ರಯಾನ್. ಆ ಒತ್ತಡ ವಾರಗಟ್ಟಲೆ ಮುಂದುವರಿದು, ಕೊನೆಗೆ ರೆಸಲ್‌ಮೇನಿಯಾದ ಮುಖ್ಯ ಪಂದ್ಯಕ್ಕೆ ಬ್ರಯಾನ್ ಸೇರಿದರು, ಬಟಿಸ್ಟಾ ಅವರಿಂದಲೇ ಟ್ಯಾಪ್ ಔಟ್ ಮಾಡಿಸಿ ಗೆದ್ದರು. ಹಾಗೆ ಸೋತು ಕೊಟ್ಟದ್ದು ಬಟಿಸ್ಟಾ ಅವರ ದೊಡ್ಡತನ. ಆದ್ದರಿಂದ ಮುಂದಿನ ಸಲ ಯಾರೋ ಮರಳುತ್ತಾರೆ ಎಂಬ ಸುದ್ದಿ ಬಂದಾಗ ನೀವು ಗಮನಿಸಬೇಕಾದದ್ದು ಎಂಟ್ರಿಯನ್ನಲ್ಲ. ಬೆಲ್ಟ್ ಪಣಕ್ಕಿದೆಯೇ, ಪಂದ್ಯಕ್ಕೆ ಮುಂಚಿನ ವಾರಗಳಲ್ಲಿ ಹಿರಿಯನು ಎದುರಾಳಿಯನ್ನು ತನಗೆ ಸಮನೆಂದು ಒಪ್ಪಿ ಮಾತಾಡುತ್ತಾನೆಯೇ, ಪಂದ್ಯ ಮುಗಿದ ಮರುವಾರ ಕಿರಿಯನಿಗೆ ಏನು ಕಥೆ ಸಿಗುತ್ತದೆ ಎಂಬುದನ್ನು ನೋಡಿ. ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ. 2019ರ ಅಕ್ಟೋಬರ್‌ನಲ್ಲಿ ಬ್ರಾಕ್ ಲೆಸ್ನರ್ ಹತ್ತು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಕೋಫಿ ಕಿಂಗ್‌ಸ್ಟನ್ ಅವರಿಂದ ಬೆಲ್ಟ್ ಕಿತ್ತುಕೊಂಡದ್ದಕ್ಕಿಂತ, ಆಮೇಲೆ ಕೋಫಿ ಆ ಸೋಲಿನ ಬಗ್ಗೆ ಏನೂ ನಡೆದೇ ಇಲ್ಲವೆಂಬಂತೆ ಟ್ಯಾಗ್ ಪಂದ್ಯಗಳಿಗೆ ಮರಳಬೇಕಾದದ್ದು ನನಗೆ ಹೆಚ್ಚು ನೋವು ಕೊಟ್ಟಿತು.

ಈಗ ಸೀನಾ. ಹೈದರಾಬಾದಿನ ಗಚಿಬೌಲಿಯಲ್ಲಿ 2023ರ ಸೆಪ್ಟೆಂಬರ್ 8ರಂದು ಅವರು ಆಡಿದಾಗ ನಮ್ಮ ಕಡೆಯಿಂದಲೂ ಬಹಳ ಜನ ಹೋಗಿದ್ದರು. ಅವರ ಮೇಲೆ ಇಲ್ಲಿನವರಿಗಿರುವ ಪ್ರೀತಿ ನನಗೆ ಚೆನ್ನಾಗಿ ಗೊತ್ತು. 2025ರ ಅವರ ವಿದಾಯದ ವರ್ಷದಲ್ಲಿ ಎಲ್ಲವೂ ಸರಿಯಿತ್ತು ಎನ್ನಲಾರೆ. ಏಪ್ರಿಲ್‌ನಲ್ಲಿ ಕೋಡಿ ರೋಡ್ಸ್ ಅವರಿಂದ ಬೆಲ್ಟ್ ಪಡೆದು 17ನೆಯ ಬಾರಿ ಚಾಂಪಿಯನ್ ಆದದ್ದು ದಾಖಲೆಗಾಗಿ ಮಾಡಿದಂತಿತ್ತು. ಆ ವರ್ಷ ಅವರು ತಾಳಿದ್ದ ಕೆಟ್ಟವನ ಪಾತ್ರವೂ ಅರ್ಧದಲ್ಲೇ ಬಿಟ್ಟುಹೋಯಿತು. ಆದರೆ ಆಗಸ್ಟ್‌ನಲ್ಲಿ ಕೋಡಿಗೇ ಸೋತು ಬೆಲ್ಟ್ ಹಿಂದಿರುಗಿಸಿದರು. ನವೆಂಬರ್‌ನಲ್ಲಿ ತಮ್ಮ ಊರ ಕಡೆಯ ಬಾಸ್ಟನ್‌ನಲ್ಲಿ ಡೊಮಿನಿಕ್ ಮಿಸ್ಟೀರಿಯೊ ಅವರಿಂದ ಗೆದ್ದ ಇಂಟರ್‌ಕಾಂಟಿನೆಂಟಲ್ ಬೆಲ್ಟನ್ನು ಅದೇ ತಿಂಗಳು ಅವರಿಗೇ ಸೋತರು. ಡಿಸೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ, ಅವರ ಕೊನೆಯ ಪಂದ್ಯದ ದಿನವೇ, ಕಂಪನಿಯು ಹೊಸಬರನ್ನು ಬೆಳೆಸುವ ಎನ್‌ಎಕ್ಸ್‌ಟಿ ವಿಭಾಗದ ಓಬಾ ಫೆಮಿ, ಸೋಲ್ ರುಕಾ ಅಂಥ ಹೊಸಬರಿಗೆ ದೊಡ್ಡ ಹೆಸರುಗಳ ಎದುರು ಆಡುವ ಅವಕಾಶ ಸಿಕ್ಕಿತು. ‘ನೆವರ್ ಗಿವ್ ಅಪ್’ ಎಂಬುದನ್ನೇ ಬಟ್ಟೆಯ ಮೇಲೆ ಬರೆದುಕೊಂಡು ಆಡಿದವರು ಗುಂಥರ್ ಹಿಡಿತದಲ್ಲಿ ಮುಗುಳ್ನಕ್ಕು ಟ್ಯಾಪ್ ಮಾಡಿದ್ದು ನಿಮ್ಮ ಮಗನಿಗೆ ನೋವು ಮಾಡಿದ್ದು ಸಹಜ. ಆ ಸಭಾಂಗಣದ ಜನರೂ ಸಿಟ್ಟಿಗೆದ್ದಿದ್ದರು. ನಾನು ಆ ಮುಕ್ತಾಯದ ಪರ. ಬರೀ ಬೆನ್ನು ತಾಗಿಸಿ ಮೂರು ಎಣಿಸಿಕೊಂಡಿದ್ದರೆ ಅದು ಗುಂಥರ್‌ಗೆ ಇನ್ನೊಂದು ಗೆಲುವಾಗುತ್ತಿತ್ತು, ಅಷ್ಟೇ. ಯಾರಿಗೂ ಸುಲಭವಾಗಿ ಕೊಡದಿದ್ದದ್ದನ್ನು ಸೀನಾ ಅಂದು ಕೊಟ್ಟರು. ಜನರ ಆ ಸಿಟ್ಟನ್ನೇ ಹೊತ್ತು ಗುಂಥರ್ ಇನ್ನು ಕೆಲವು ವರ್ಷ ನಡೆಯಬಲ್ಲರು.

ಇನ್ನು ರಿಂಗಿಗೆ ಇಳಿಯುವುದಿಲ್ಲ ಎಂದು ಸೀನಾ ಸ್ಪಷ್ಟವಾಗಿ ಹೇಳಿದ್ದಾರೆ, ಅವರಿಗಾಗ 48 ವರ್ಷ. ಅವರು ಮತ್ತೆ ಆಡಲಿ ಎಂದು ನೀವು ಬಯಸುವುದರಲ್ಲಿ ತಪ್ಪೇನಿಲ್ಲ, ಆದರೆ ನಾನು ಬಯಸುವುದಿಲ್ಲ: ಆಡಿದರೆ ಗುಂಥರ್‌ಗೆ ಕೊಟ್ಟದ್ದರ ಬೆಲೆ ಇಳಿಯುತ್ತದೆ, ದೇಹದ ಅಪಾಯ ಪ್ರತಿ ವರ್ಷವೂ ಏರುತ್ತದೆ. ಮೈಕ್ ಹಿಡಿದು ಬರಲಿ, ಓಬಾ ಫೆಮಿಯಂಥ ಹುಡುಗನ ಮೂಲೆಯಲ್ಲಿ ನಿಂತು ಅವನ ಪರವಾಗಿ ಕೂಗಲಿ. ಪಂದ್ಯದ ಒಪ್ಪಂದಕ್ಕೆ ಮಾತ್ರ ಸಹಿ ಹಾಕದಿರಲಿ.